ಎಡಗೈ ಹೆಬ್ಬೆರಳಿನ ಉಗುರು

"ನೀರು ಉಗುರುಬೆಚ್ಚಗೆ ಇದ್ರೆ ಸಾಕು ಕಣ್ರೇ. ಸುಡೋ ನೀರಲ್ಲಿ ಅದ್ದಿದ್ರೆ ಕೈಯಲ್ಲಿರೋ ಚೂರುಪಾರು ಜಿಡ್ಡೂ ಹೋಗಿ ಇನ್ನಷ್ಟು ಬಿರಿಯುತ್ತೆ. ಐದು ನಿಮಿಷ, ಒಲೆ ಮೇಲಿಟ್ಟ ಹಾಲು ಉಕ್ಕೋಕೆ ಬರೋ ಅಷ್ಟು ಹೊತ್ತು. ಆಮೇಲೆ ತಿಕ್ಕಿ ಒರೆಸ್ಬೇಡಿ, ಮಗು ತಲೆ ಒರೆಸೋ ಹಾಗೆ ಒತ್ತಿ ಒತ್ತಿ ಒರೆಸಿ, ಬೆರಳ ಸಂದಿ ಬಿಡ್ಬೇಡಿ. ಉಗುರು ಕತ್ತರಿಸೋದಿದ್ರೆ ಆಗ್ಲೇ ಕತ್ತರಿಸಿ, ಮೆತ್ತಗಿರುತ್ತೆ, ಸೀಳಲ್ಲ. ಮೂಲೆ ಒಳಕ್ಕೆ ಕತ್ತರಿ ತೂರಿಸ್ಬೇಡಿ. ಬುಡದಲ್ಲಿ ತೆಳ್ಳಗೆ ಒಂದು ಪೊರೆ ಇರುತ್ತಲ್ಲ, ಅದನ್ನ ಕತ್ತರಿಸೋದು ಅಂದ್ರೆ ಮನೆ ಬಾಗಿಲು ಕಿತ್ತಿಟ್ಟು ಕಳ್ಳರನ್ನ ಕರೆದ ಹಾಗೆ. ಎಣ್ಣೆ ಮುಟ್ಟಿಸಿ ಬಟ್ಟೆ ತುದಿಯಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿ, ಸಾಕು. ಅರ ಹಾಕೋವಾಗ ಒಂದೇ ಕಡೆಗೆ ಎಳೀರಿ, ಮರ ಕೊಯ್ಯೋ ಹಾಗೆ ಹಿಂದೆ ಮುಂದೆ ಆಡಿಸ್ಬೇಡಿ. ಕೊನೇಲಿ ಎರಡು ಹನಿ ಎಣ್ಣೆ. ಎರಡೇ! ಕೈಗೆ ಹಚ್ಚೋಕೆ ಎಣ್ಣೆ ಕೇಳಿದ್ದು, ಕರಿಯೋಕಲ್ಲ."

ಬೀದಿಯ ಹೆಂಗಸರು ಕೈ ಬಿರಿಯಿತೆಂದು ಬಂದರೆ ಅಂಚಿನಮ್ಮ ಹೇಳುತ್ತಿದ್ದುದು ಇಷ್ಟು. ಬಟ್ಟೆಯ ಅಂಚು ಮಡಿಚಿ ಸೂಜಿಯಿಂದ ಹೊಲಿಯುವವಳಾದ್ದರಿಂದ ಅವಳಿಗೆ ಆ ಹೆಸರು ಬಂತು. ಅಪ್ಪ ಅಮ್ಮ ಇಟ್ಟ ಹೆಸರು ಅವಳ ಗಂಡನ ಬಾಯಲ್ಲೂ ಸವೆದುಹೋಗಿತ್ತು. ಮೂಲೆಯಂಗಡಿಯ ಟೈಲರ್ ಮಾಸ್ಟರ್ ಹತ್ತಿರ ಅವಳು ಇಪ್ಪತ್ತೆಂಟು ವರ್ಷ ದುಡಿದಿದ್ದಳು. ಹತ್ತಿ ಬಟ್ಟೆಗೆ ಮಾಸ್ಟರ್ ಬಳಿ ಹತ್ತು ಜನ ಇದ್ದರು. ರೇಷ್ಮೆ ಮಾತ್ರ ಅಂಚಿನಮ್ಮನಿಗೇ. ಅವಳು ಹಾಕಿದ ಹೊಲಿಗೆ ಮೇಲಿನಿಂದ ನೋಡಿದರೆ ಇದೆಯೋ ಇಲ್ಲವೋ ಅನ್ನುವಂತಿರುತ್ತಿತ್ತು.

ಹಾಗಿದ್ದವಳ ಕೈ ಕೆಟ್ಟದ್ದು ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ. ನಾಲ್ಕು ತಿಂಗಳು ಮಂಚದ ಬಟ್ಟೆಗಳನ್ನೆಲ್ಲ ಬ್ಲೀಚಿಂಗ್ ಪೌಡರ್ ಹಾಕಿ ಒಗೆದಳು. ಬೆರಳ ತುದಿಗಳು ಕೆರೆಯಂಗಳದ ಒಣಮಣ್ಣಿನಂತೆ ಸೀಳುಬಿಟ್ಟವು. ಮಾಸ್ಟರ್‌ಗೆ ಒಂದು ಕ್ರಮವಿತ್ತು. ಕೆಲಸ ಕೊಡುವ ಮುಂಚೆ ತೆಳು ರೇಷ್ಮೆಯ ತುಂಡೊಂದನ್ನು ಕೆಲಸದವರ ಬೆರಳುಗಳ ಮೇಲೆ ಎಳೆಯುತ್ತಿದ್ದರು. ಸುಮ್ಮನೆ ಜಾರಿದರೆ ಸರಿ. ಚರ್ ಎಂದು ಎಳೆ ಸಿಕ್ಕಿಕೊಂಡರೆ ರೇಷ್ಮೆ ಇಲ್ಲ. ಅಂಚಿನಮ್ಮನ ಕೈಯಲ್ಲಿ ಅದು ಚರ್ ಅಂದಿತು.

"ಕೈ ಸರಿಯಾದ ಮೇಲೆ ಬನ್ನಿಯಮ್ಮ," ಎಂದರು ಮಾಸ್ಟರ್. "ಅಲ್ಲೀವರೆಗೂ ಪ್ಯಾಂಟಿನ ಕಾಲು ಮಡಿಚಿ."

ಅವರೇನೂ ಗದರಲಿಲ್ಲ. ಆದರೂ ಅವಳಿಗೆ ಮುಖ ತೊಳೆದು ಕನ್ನಡಿ ನೋಡಿದರೆ ಬೇರೆ ಯಾರೋ ಕಂಡಂತಾಯಿತು.

ಅತ್ತೆ ಕೋಲು ಹಿಡಿದು ಓಡಾಡುವಂತಾದ ವಾರದಿಂದ ಅವಳು ತನ್ನ ಬುದ್ಧಿಮಾತನ್ನು ತನಗೇ ಹೇಳಿಕೊಂಡಳು. ದಿನಾ ಸಂಜೆ ಉಗುರುಬೆಚ್ಚಗಿನ ನೀರು, ಚಮಚ ಸಕ್ಕರೆಗೆ ಎಣ್ಣೆ ಕಲಸಿ ಹಗುರವಾಗಿ ಉಜ್ಜುವುದು, ಮಲಗುವಾಗ ಕೈಗೆ ಹಳೆಯ ಹತ್ತಿ ಕಾಲುಚೀಲ. ಪಾತ್ರೆ ತೊಳೆಯುವಾಗ ರಬ್ಬರ್ ಗವಸು. ಅತ್ತೆ ಮಂಚದಿಂದಲೇ ನೋಡಿ ನಗುತ್ತಿದ್ದಳು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತ ಕೇಳಿದ್ದೆ. ನಿನ್ನದು ಉಲ್ಟಾ ಕಣೇ, ಕೈ ಬೆಣ್ಣೆಯಾದ್ರೇನೇ ಬಾಯಿಗೆ ಮೊಸರು!"

"ಕೆಸರು ಮಾಡಿದ್ದು ಯಾರು ಅತ್ತೆ?"

"ನಾನೇ, ನಾನೇ. ಬೇಕು ಅಂತ ಬಿದ್ನಾ? ಹಾಕು, ಇನ್ನೆರಡು ಹನಿ ಹಾಕು."

ಮೂರು ವಾರದಲ್ಲಿ ಸೀಳು ಕೂಡಿಕೊಂಡಿತು. ಸೋಮವಾರ ಅಂಗಡಿಗೆ ಹೋಗುವುದೆಂದು ನಿಶ್ಚಯವಾಯಿತು. ಭಾನುವಾರ ಮಧ್ಯಾಹ್ನ ಅವಳು ಎಡಗೈಯನ್ನು ಬೋಗುಣಿಯಲ್ಲಿ ಅದ್ದಿ, ಗೋಡೆಗೊರಗಿ ಕೂತವಳು ಹಾಗೇ ತೂಕಡಿಸಿದಳು.

ಗಂಡ ಸೈಕಲ್ ರಿಪೇರಿಯವನು. ಮಾತು ಕಡಿಮೆ, ಪ್ರೀತಿಯನ್ನು ಕೆಲಸದಲ್ಲಿ ತೋರಿಸುವ ಜಾತಿ. ಹೆಂಡತಿ ನಿದ್ದೆ ಹೋದದ್ದು ಕಂಡು, ಪಾಪ ದಣಿದಿದ್ದಾಳೆ, ಉಳಿದದ್ದು ನಾನೇ ಮಾಡಿಬಿಡುವೆ ಅಂದುಕೊಂಡ. ಕೈ ಒರೆಸಿದ, ಪೊರೆ ಮುಟ್ಟಲಿಲ್ಲ, ಮೂಲೆಗೆ ಕತ್ತರಿ ತೂರಿಸಲಿಲ್ಲ. ನಾಲ್ಕು ಬೆರಳಿನ ಉಗುರೂ ನೆಟ್ಟಗೆ ಕತ್ತರಿಸಿದ. ಹೆಬ್ಬೆರಳಿನದು ಮಾತ್ರ ಬೆರಳು ದಾಟಿ ಬೆಳೆದಿತ್ತು. ಅಯ್ಯೋ, ಇದೊಂದನ್ನು ಮರೆತೇಬಿಟ್ಟಿದ್ದಾಳೆ ಎಂದು ಅದನ್ನೂ ಬುಡಕ್ಕೆ ಇಳಿಸಿದ.

ಟಕ್ ಎಂಬ ಸದ್ದಿಗೆ ಅವಳು ಕಣ್ಣುಬಿಟ್ಟಳು.

"ರೀ! ಏನ್ ಮಾಡಿದ್ರಿ ನೀವು?"

"ಉಗುರು ತೆಗ್ದೆ. ಉದ್ದ ಆಗಿತ್ತು."

"ಉದ್ದ ಆಗಿದ್ದಲ್ಲ, ಉದ್ದ ಬಿಟ್ಟಿದ್ದು! ಅಂಚಿನ ಮಡಿಕೆ ಕೂರಿಸೋದೇ ಅದರಲ್ಲಿ. ಎಡಗೈ ಮುಂದೆ ಮಡಿಕೆ ಗೀರ್ತಾ ಹೋಗುತ್ತೆ, ಬಲಗೈ ಹಿಂದೆ ಸೂಜಿ ಹಾಕ್ತಾ ಬರುತ್ತೆ. ಅದು ಉಗುರಲ್ಲ ಕಣ್ರೀ, ನನ್ನ ಸ್ಪ್ಯಾನರ್ರು!"

ಗಂಡ ನೆಲದ ಮೇಲೆ ಬಿದ್ದ ಚೂರನ್ನು ನೋಡಿದ. ಅವಳ ಮುಖ ನೋಡಿದ. "ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಒಂದ್ಸಲನೂ ಹೇಳ್ಲಿಲ್ವಲ್ಲೇ ನೀನು," ಎಂದ ಮೆಲ್ಲಗೆ.

"ನೀವು ಕೇಳಿದ್ರಾ?"

"ಕೇಳೋದಂತೆ!" ಎಂದಳು ಅತ್ತೆ ಮಂಚದಿಂದ. "ಸೈಕಲ್ ಚಕ್ರದಲ್ಲಿ ಒಂದು ಕಡ್ಡಿ ಸೊಟ್ಟಗಾದ್ರೆ ಹತ್ತು ಮಾರು ದೂರದಿಂದ ಹೇಳ್ತಾನೆ. ಹೆಂಡತಿ ಕೈ ಕಣ್ಣಿಗೆ ಬಿದ್ದಿಲ್ಲ."

ಅವನು ಎದ್ದು ಹೋಗಿ ಬಾಚಣಿಗೆಯ ಬೆನ್ನು ಮುರಿದು ಅರದಿಂದ ಉಗುರಿನ ಆಕಾರಕ್ಕೆ ತಂದುಕೊಟ್ಟ. ಅದು ರೇಷ್ಮೆ ಚೂರಿನ ಮೇಲೆ ಹೊಳೆಯುವ ಗೀರು ಬಿಟ್ಟಿತು. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಸವರಿ ತಂದ, ಅದು ಜಾರಿತು. "ಬಿಡಿ," ಎಂದಳು ಅವಳು. "ಬಟ್ಟೆ ಎಲ್ಲಿ ಕೂತಿತು, ಎಲ್ಲಿ ಕೂರ್ಲಿಲ್ಲ ಅಂತ ಉಗುರಿನ ಕೆಳಗಿರೋ ಮಾಂಸಕ್ಕೆ ಗೊತ್ತಾಗುತ್ತೆ. ಪ್ಲಾಸ್ಟಿಕ್ಕಿಗೆ ಏನ್ ಗೊತ್ತು?" ಉಗುರು ಮೊದಲಿನಷ್ಟಾಗಲು ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ರೇಷ್ಮೆ ಬೇರೆಯವರ ಪಾಲಾದರೆ ಮತ್ತೆ ತನ್ನ ಕೈಗೆ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಸೋಮವಾರ ಮಾಸ್ಟರ್ ರೇಷ್ಮೆ ತುಂಡನ್ನು ಅವಳ ಹತ್ತೂ ಬೆರಳ ಮೇಲೆ ಎಳೆದರು. ಅದು ನೀರಿನಂತೆ ಜಾರಿತು.

"ಭೇಷ್!" ಎಂದು ಅವರು ಕೆನೆಬಣ್ಣದ ನಿಲುವಂಗಿಯೊಂದನ್ನು ಬಿಚ್ಚಿ ಮುಂದಿಟ್ಟರು. ಕೆಳಗಿನ ಅಂಚಿನ ಸುತ್ತಳತೆಯೇ ನಾಲ್ಕು ಮೀಟರ್. "ಶುಕ್ರವಾರ ಬೆಳಗ್ಗೆ ಬೇಕು."

ಬಾಯಿ ಮುಚ್ಚಿಕೊಂಡು ತೆಗೆದುಕೊಂಡು ಹೋಗಬಹುದಿತ್ತು. ಅವಳ ಕೈ ಬಟ್ಟೆಯ ತನಕ ಹೋಗಿ ನಿಂತಿತು. ಎಡಗೈ ಹೆಬ್ಬೆರಳನ್ನು ಎತ್ತಿ ತೋರಿಸಿದಳು.

"ಇದೇನಮ್ಮ! ಕೈ ತಂದು ಉಗುರು ಮನೇಲಿ ಬಿಟ್ಟು ಬಂದ್ರಾ?" ಮಾಸ್ಟರ್ ಬಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು.

"ಒಂದು ಗೇಣು ಹೊಲೀತೀನಿ ಮಾಸ್ಟ್ರೇ. ನೋಡಿ, ಆಮೇಲೆ ನೀವೇ ಹೇಳಿ."

ಅವರು ಒಂದು ರೇಷ್ಮೆ ಚೂರು ಕೊಟ್ಟರು. ಗಂಡನ ಕತ್ತರಿ ಬಲಗೈ ತನಕ ಬಂದಿರಲಿಲ್ಲ. ಆ ಹೆಬ್ಬೆರಳಿನಲ್ಲಿ ಒಂದಿಷ್ಟು ಉಗುರು ಉಳಿದಿತ್ತು. ಅವಳು ಸೂಜಿಯನ್ನು ತೋಳಿನ ಬಟ್ಟೆಗೆ ಚುಚ್ಚಿಟ್ಟು, ಬಲಗೈಯಿಂದ ಒಂದು ಬೆರಳುದ್ದ ಮಡಿಕೆ ಗೀರಿದಳು. ಸೂಜಿ ತೆಗೆದು ಅಷ್ಟನ್ನೇ ಹೊಲಿದಳು. ಮತ್ತೆ ಚುಚ್ಚಿಟ್ಟಳು, ಮತ್ತೆ ಗೀರಿದಳು. ಗಳಿಗೆಗೆ ಆಗುವ ಕೆಲಸ ಮೂರು ಗಳಿಗೆ ತಿಂದಿತು. ಬೆನ್ನು ಬೆವೆತಿತ್ತು, ಬೆರಳು ಬೆವರಲಿಲ್ಲ.

ಮಾಸ್ಟರ್ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಹೊಲಿಗೆ ನಿಮ್ಮದೇ," ಎಂದರು. "ವೇಗ ನಿಮ್ಮದಲ್ಲ. ಶುಕ್ರವಾರದ್ದು ಕೊಡೋಕಾಗಲ್ಲಮ್ಮ, ತಪ್ಪು ತಿಳೀಬೇಡಿ."

"ಇಲ್ಲ ಮಾಸ್ಟ್ರೇ."

ನಿಲುವಂಗಿ ಮಡಿಚಿ ಒಳಗೆ ಹೋಯಿತು. ಅವಳು ಏಳಲು ನೆಲಕ್ಕೆ ಕೈಯೂರಿದಳು. "ಎಲ್ಲಿಗೆ? ಕೂತ್ಕೊಳ್ಳಿ," ಎಂದು ಮಾಸ್ಟರ್ ಕಪಾಟಿನಿಂದ ಬೂದುಬಣ್ಣದ ರೇಷ್ಮೆ ಶಾಲೊಂದನ್ನು ತೆಗೆದರು. "ಇದಕ್ಕೆ ಹದಿನೈದು ದಿನ ಟೈಮಿದೆ. ನಾಲ್ಕು ಕಡೇನೂ ಅಂಚು ಸುತ್ತಿ ಹೊಲೀರಿ. ಉಗುರು ಬರೋವರೆಗೂ ಅವಸರ ಇಲ್ಲದ್ದು ಮಾತ್ರ ಕೊಡ್ತೀನಿ, ಆಗಬಹುದಾ?"

"ಆಗಬಹುದು," ಎಂದಳು. ಶಾಲನ್ನು ಕಾಗದದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

ಮನೆಗೆ ಬಂದಾಗ ಗಂಡ ಅಂಗಡಿಗೆ ಹೋಗದೆ ಬಾಗಿಲಲ್ಲೇ ನಿಂತಿದ್ದ. ಅವಳ ಕಂಕುಳಲ್ಲಿದ್ದ ಕಾಗದದ ಪೊಟ್ಟಣ ನೋಡಿ, "ರೇಷ್ಮೇನಾ?" ಎಂದ.

"ರೇಷ್ಮೇನೇ. ದೊಡ್ಡದು ಕೈತಪ್ಪಿತು. ಶಾಲು ಸಿಕ್ತು."

ಅವನು ತಲೆಯಾಡಿಸಿದ. ಅವಳು ಮೂರು ಸಲ ಸೋಪು ಹಾಕಿ ಕೈ ತೊಳೆದು, ಕಿಟಕಿಯ ಪಕ್ಕ ಬಿಳಿ ಹೊದಿಕೆ ಹಾಸಿ, ಶಾಲು ಬಿಚ್ಚಿದಳು. ಬಚ್ಚಲಲ್ಲಿ ಬೆಳಗಿನ ಪಾತ್ರೆ ಹಾಗೇ ಬಿದ್ದಿದ್ದವು. ಏಳಲು ಹೊರಟವಳನ್ನು ಅತ್ತೆ ಕೋಲು ಅಡ್ಡ ಹಿಡಿದು ತಡೆದಳು.

"ನೀನು ಕೂರು. ಏನೋ, ನಿಂತ್ಕೊಂಡು ಏನ್ ನೋಡ್ತೀಯ? ಪಾತ್ರೆ ತಮಗೆ ತಾವೇ ತೊಳ್ಕೊಳ್ತಾವಾ?"

ಗಂಡ ಅಂಗಿಯ ತೋಳು ಮಡಿಚಿ ಬಚ್ಚಲಿಗೆ ಹೋದ. ನಲ್ಲಿ ತಿರುಗಿಸಿದ, ನಾರು ಹುಡುಕಿದ, ಸಿಗದೆ ಕೇಳಿದ, ಅಲ್ಲೇ ಕಿಟಕಿ ಮೇಲಿದೆ ಎಂದು ಹೇಳಿಸಿಕೊಂಡ.

"ಹಾಲಿನ ಪಾತ್ರೆ ತಳ ಹತ್ತಿದೆ," ಎಂದಳು ಅವಳು ಮಡಿಕೆಯಿಂದ ಕಣ್ಣೆತ್ತದೆ. "ಸ್ವಲ್ಪ ಹೊತ್ತು ನೆನೆಸಿ, ಆಮೇಲೆ ಉಜ್ಜಿ."

ಅವನು ಪಾತ್ರೆಗೆ ನೀರು ತುಂಬಿ ಪಕ್ಕಕ್ಕಿಟ್ಟು, ಲೋಟಗಳನ್ನು ಒಂದೊಂದಾಗಿ ತೊಳೆದು ಬೋರಲು ಹಾಕತೊಡಗಿದ.