ಅಟ್ಟದಿಂದ ಇಳಿದ ದೋಣಿ ಹಾಡು

ಹಳೇ ಹಿಂದಿ ಪ್ರೇಮಕಥೆಗಳ ವಿಷಯಕ್ಕೆ ನನ್ನ ಹತ್ತಿರ ಯಾರೂ ವಾದಕ್ಕೆ ಬರಬೇಡಿ. ತುರುವೇಕೆರೆ ಕಡೆ ಹೈಸ್ಕೂಲಿನಲ್ಲಿ ಹಿಂದಿ ಪಾಠ ಹೇಳಿ ರಿಟೈರಾದವಳು ನಾನು. ಕಪ್ಪು-ಬಿಳುಪಿನ ಸಿನಿಮಾಗಳನ್ನು ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಡಿವಿಡಿಯಲ್ಲಿ, ಈಗ ಬ್ಲೂ-ರೇ ಡಿಸ್ಕಿನಲ್ಲಿ ಕೂಡಿಟ್ಟಿದ್ದೀನಿ. "ಎಲ್ಲಾ ಮೊಬೈಲಲ್ಲೇ ಸಿಗುತ್ತಲ್ಲ ಟೀಚರ್" ಅನ್ನೋರಿಗೆ ನಾನು ಹೇಳೋದು ಇಷ್ಟೇ: ಇವತ್ತು ಮೊಬೈಲಲ್ಲಿ ಇದ್ದದ್ದು ನಾಳೆ ಮಾಯ. ನನ್ನ ಬೀರುವಿನಲ್ಲಿರೋದನ್ನ ಯಾರು ಮುಟ್ಟುತ್ತಾರೋ ನೋಡೇಬಿಡ್ತೀನಿ.

ಈ ಹುಚ್ಚಿಗೆ ಮನೆಯಲ್ಲಿ ಜೊತೆ ಅಂದರೆ ನಮ್ಮತ್ತೆ ಒಬ್ಬರೇ. ಎಂಬತ್ತು ದಾಟಿದ ಜೀವ, ಹಂದನಕೆರೆ ಕಡೆಯ ಹೆಣ್ಣುಮಗಳು, ಹಿಂದಿ ಒಂದಕ್ಷರ ಬಾರದು. ಮದುವೆಯಾದ ಹೊಸದರಲ್ಲಿ ಅವರು ನಮ್ಮ ಮಾವನ ಜೊತೆ ತಿಪಟೂರಿನ ಟಾಕೀಸಿಗೆ ಹೋಗಿ ನೋಡಿದ್ದ ಸಿನಿಮಾ ಹೋದ ವರ್ಷ ಬ್ಲೂ-ರೇಯಲ್ಲಿ ಬಂತು. ತರಿಸಿ ಹಾಕಿದೆ. ಏನು ಚಿತ್ರ ಅಂತೀರಿ! ನಾಯಕಿಯ ಸೆರಗಿನ ನೆರಿಗೆ ನೆರಿಗೆಯೂ ಕಾಣುತ್ತಿತ್ತು. ಅತ್ತೆ ಕೊನೆತನಕ ಕೂತು ನೋಡಿ, "ದೋಣಿ ಹಾಡು ಎಲ್ಲೇ?" ಅಂದರು.

ಹಿಂದೆ ಮುಂದೆ ಓಡಿಸಿ ಹುಡುಕಿದೆ. ಇರಲಿಲ್ಲ. ಸಿನಿಮಾ ಉದ್ದವಾಯ್ತು ಅಂತ ಯಾವ ಪುಣ್ಯಾತ್ಮ ಕತ್ತರಿ ಹಾಕಿದ್ದನೋ, ನೆಟ್ಟಿನಲ್ಲೂ ಅದೇ ಮೊಟಕು ಪ್ರತಿ. ಮೈಯೆಲ್ಲಾ ಉರಿದುಹೋಯ್ತು ನನಗೆ. ಆದರೆ ನಾನೇನು ಬಿಡೋ ಪೈಕಿಯೇ? ಹಿಂದೊಮ್ಮೆ ಟಿವಿಯಲ್ಲಿ ಬಂದಾಗ ನಾನೇ ರೆಕಾರ್ಡ್ ಮಾಡಿಟ್ಟ ಕ್ಯಾಸೆಟ್ ಇತ್ತು. ಅದರಲ್ಲಿ ಹಾಡು ಪೂರ್ತಿ ಇತ್ತು.

"ಆ ಕ್ಯಾಸೆಟ್ಟಿನ ಡಬ್ಬ ಎಲ್ಲಿ ಅತ್ತೆ?"

"ಅಟ್ಟದ ಮೇಲೆ ಇಟ್ಟಿವ್ನಿ ಕಣೇ, ಕೆಡಬಾರ್ದು ಅಂತ."

ನಮ್ಮ ಕಡೆ ಕೆಡಬಾರದ್ದೆಲ್ಲ ಅಟ್ಟಕ್ಕೇ ಹೋಗೋದು. ತೆಂಗಿನಕಾಯಿಯೂ ಅಲ್ಲೇ. ಒಳಗಿನ ನೀರು ಆರಿ, ಅಲ್ಲಾಡಿಸಿದರೆ ಗಲಗಲ ಅಂದಾಗಲೇ ಅದು ಕೊಬ್ಬರಿ. ಅಲ್ಲಿತನಕ ರಾಶಿ ಕದಲಿಸುವಂತಿಲ್ಲ, ಕದಲಿಸಿದರೆ ಕೊಬ್ಬರಿ ಕೆಡುತ್ತೆ ಅನ್ನೋದು ಅತ್ತೆಯ ಕಾನೂನು. ಈಗ ಡಬ್ಬ ರಾಶಿಯ ಅಡಿಯಲ್ಲಿತ್ತು. ಮೇಲೆ ಹೆಂಚಿನ ಧಗೆ, ಸುತ್ತ ಕಾಯಿಯ ತೇವ. ಟೇಪಿಗೆ ಇದಕ್ಕಿಂತ ಕೆಟ್ಟ ಜಾಗ ಇನ್ನಿಲ್ಲ. ಬೂಷ್ಟು ಹಿಡಿದರೆ ಹಾಡು ಹೋದಂಗೇ, ಇನ್ನೊಂದು ಪ್ರತಿ ಎಲ್ಲಿದೆಯೋ ನನಗಂತೂ ಗೊತ್ತಿಲ್ಲ. ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದೆ. ಅವರು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಮಗನನ್ನು ಕೂಗಿದರು.

"ಲೇ, ಕಾಯಿ ಇಳಿಸು ಕಣ್ಲಾ."

ನಮ್ಮೆಜಮಾನರು ಹೌಹಾರಿದರು. "ಇನ್ನೂ ಗಲಗುಟ್ಟಿಲ್ಲ ಕಣವ್ವ, ಅಷ್ಟೂ ಹಾಳಾಯ್ತದೆ."

"ಆದ್ರೆ ಆಗ್ಲಿ ಬುಡು. ಕಾಯಿ ಬರೋ ವರ್ಷನೂ ಬತ್ತದೆ."

ಅವರ ಬಾಯಲ್ಲಿ ಆ ಮಾತು ಬರುತ್ತೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ. ಕಾಯಿ ಇಳಿಯಿತು, ಡಬ್ಬ ಸಿಕ್ಕಿತು, ಟೇಪಿನ ಅಂಚಿಗೆ ಆಗಲೇ ಬಿಳಿ ಬೂಷ್ಟು. ನಾನು ತಲೆ ಮೇಲೆ ಕೈ ಹೊತ್ತು ಕೂತರೆ, ಅತ್ತೆ ಕ್ಯಾಸೆಟ್ ಹಿಡಿದು ಅಂಗಳಕ್ಕೆ ಹೊರಟೇಬಿಟ್ಟಿದ್ದರು. "ಬಿಸಿಲಿಗೆ ಹಾಕಿದ್ರೆ ಸರಿ ಹೋಯ್ತದೆ ಕಣೇ, ಕೊಬ್ಬರಿ ಬೂಷ್ಟು ಹಂಗೇ ಅಲ್ವಾ ಹೋಗೋದು?" ಅಯ್ಯೋ ನನ್ನತ್ತೆ, ಬಿಸಿಲಿಗೆ ಇಟ್ಟರೆ ಟೇಪು ಸೊಟ್ಟಗಾಗಿ ಎಲ್ಲಾ ಮುಗಿದೇಹೋಗುತ್ತಿತ್ತು! ಓಡಿಹೋಗಿ ಕಿತ್ತುಕೊಂಡೆ.

ತಿಪಟೂರಿನಿಂದ ಸ್ಪಿರಿಟ್ಟು, ಮೆತ್ತನೆ ಬಟ್ಟೆ ತಂದೆ. ಕ್ಯಾಸೆಟ್ಟಿನ ತಿರುಪು ಬಿಚ್ಚಿ, ಟೇಪನ್ನು ಕೈಯಲ್ಲೇ ಸುತ್ತುತ್ತಾ ದಿನಾ ಮಧ್ಯಾಹ್ನ ಗೇಣು ಗೇಣೇ ಒರೆಸಿದೆ. ಬೆನ್ನು ಬಿದ್ದುಹೋಯ್ತು. ಆಮೇಲೆ ಹಳೇ ವಿಸಿಆರ್‌ಗೆ ಹಾಕಿ ಲ್ಯಾಪ್‌ಟಾಪಿಗೆ ಇಳಿಸಿದೆ. ಹಾಡು ಬಂತು! ಅಲ್ಲಲ್ಲಿ ಗೆರೆ, ಒಂದು ಕಡೆ ನಡುಕ, ಆದರೆ ಪೂರ್ತಿ ಬಂತು. ಸಿನಿಮಾದಲ್ಲಿ ಅದು ಇರಬೇಕಾದ ಜಾಗಕ್ಕೇ ಸೇರಿಸಿ, ನನ್ನದೇ ಒಂದು ಡಿಸ್ಕ್ ಮಾಡಿ, ಅತ್ತೆಯನ್ನು ಕೂಡಿಸಿ ಹಾಕಿದೆ.

ದೋಣಿಯಲ್ಲಿ ನಾಯಕಿ ಒಬ್ಬಳೇ. ಕೈಬಿಟ್ಟು ಹೋದವನನ್ನು ಶಪಿಸುತ್ತಾ ಹಾಡುತ್ತಾಳೆ. ಅಭ್ಯಾಸಬಲ ನೋಡಿ, ಅರ್ಥ ಹೇಳೋಕೆ ಬಾಯಿ ತೆರೆದೆ.

"ಸುಮ್ಕಿರೇ," ಅಂದರು ಅತ್ತೆ. "ಇದರ ಅರ್ಥ ನಂಗೊತ್ತು. ನಿಮ್ಮ ಮಾವ ಹೇಳವ್ರೆ."

ಸಾಲು ಸಾಲಿಗೂ ಅವರೇ ಹೇಳುತ್ತಾ ಹೋದರು. "ಅವನು ಹೇಳಿ ಕಳಿಸವ್ನಂತೆ. ನಮ್ಮವ್ವ ಬೈದ್ರೆ ಮನಸಿಗೆ ಹಚ್ಕೋಬೇಡ, ನಾನಿವ್ನಿ ಅಂತ. ನಾನು ತೋಟದಿಂದ ಬರೋದು ಹೊತ್ತಾದ್ರೆ ನೀನು ಉಂಡ್ಬುಡು ಅಂತ. ನಿನ್ನ ತವರಿಗೆ ನಾನೇ ಕರ್ಕೊಂಡೋಗ್ತೀನಿ, ಅಳಬೇಡ ಅಂತ."

ನಮ್ಮ ಮಾವನಿಗೆ ಹಿಂದಿ ಬರುತ್ತಿರಲಿಲ್ಲ. ಅವರವ್ವನ ಎದುರಿಗೆ ಹೆಂಡತಿ ಕಡೆ ತಿರುಗಿಯೂ ನೋಡದ ಮನುಷ್ಯ ಅಂತ ಊರೆಲ್ಲಾ ಹೇಳುತ್ತಿತ್ತು. ನಾನು ಟಿವಿ ಬಿಟ್ಟು ಅತ್ತೆಯನ್ನೇ ನೋಡುತ್ತಾ ಕೂತೆ.

ಮಾರನೇ ದಿನ ಹಾಡನ್ನು ಮತ್ತೆ ಹಾಕಿ, ಅತ್ತೆ ಹೇಳಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಡಿಸ್ಕನ್ನು ಹೊಸದಾಗಿ ಬರೆದೆ. ಈಗ ಅದರಲ್ಲಿ ದೋಣಿ ಹಾಡಿಗೆ ಎರಡು ಆಡಿಯೋ: ಹಿಂದಿ, ಕನ್ನಡ. ಮಕ್ಕಳ ಅನುವಾದಕ್ಕೆ ಜೀವಮಾನವಿಡೀ ಕೆಂಪು ಇಂಕು ಸುರಿದವಳು ನಾನು. ಆ ಕನ್ನಡದಲ್ಲಿ ಒಂದಕ್ಷರವನ್ನೂ ತಿದ್ದಿಲ್ಲ.