ಹಡಗಿನ ಮನೆ ಅಳಿಯ

ಮೈತ್ರಿ, ಸಿದ್ಧಾರ್ಥ,

ಜಹಾಜ್ ಅಜ್ಜನ ಕೈಗಳು ನಿಮಗೆ ನೆನಪಿರಬಹುದು. ಅಷ್ಟು ಉದ್ದದ ಕೈಗಳನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಯಾವ ಅಂಗಿ ತೊಟ್ಟರೂ ತೋಳು ಮಣಿಕಟ್ಟಿನವರೆಗೆ ಬರುತ್ತಿರಲಿಲ್ಲ. ಮಾತಿಗಿಂತ ಮೊದಲು ಆ ಕೈಗಳು ಮೇಲೇಳುತ್ತಿದ್ದವು. ಹುಮನಾಬಾದಿನ ನಮ್ಮ ಇಕ್ಕಟ್ಟಾದ ಓಣಿಯಲ್ಲಿ ಯಾವುದಾದರೂ ಟಂಟಂ ಆಟೋ ಹಿಂದಕ್ಕೆ ಹೋಗಬೇಕಾದರೆ ಅವರು ಅದರ ಹಿಂದೆ ಹೋಗಿ ನಿಂತು, ಎರಡೂ ಕೈ ಎತ್ತಿ, ಬಾ ಬಾ ಎಂದು ಕರೆಯುತ್ತ, ಕೊನೆಗೆ ತಲೆಯ ಮೇಲೆ ಮುಷ್ಟಿಗಳನ್ನು ಅಡ್ಡ ಹಿಡಿದು ನಿಲ್ಲಿಸುತ್ತಿದ್ದರು. ಡ್ರೈವರುಗಳು ನಗುತ್ತಿದ್ದರು. ಆದರೆ ಅವರ ಕೈ ನೋಡಿಯೇ ಗಾಡಿ ಹೊರಳಿಸುತ್ತಿದ್ದರು.

ಅವರು ಪ್ರಾಯದಲ್ಲಿ ನೌಕಾಪಡೆಯ ವಿಮಾನ ಇಳಿಯುವ ಹಡಗಿನಲ್ಲಿದ್ದರು; ಅದಕ್ಕೇ ನಿಮಗೆ ಜಹಾಜ್ ಅಜ್ಜ, ನನಗೆ ಜಹಾಜ್ ಅಣ್ಣ. ಹಡಗಿನ ಮಾಳಿಗೆಯಂಥ ಬಯಲಿನ ಮೇಲೆ ನಿಂತು, ವಿಮಾನಗಳಿಗೆ ಎಲ್ಲಿ ಬರಬೇಕು, ಎಲ್ಲಿ ನಿಲ್ಲಬೇಕು ಎಂದು ಕೈಯಿಂದ ತೋರಿಸುವ ಕೆಲಸ. ಆ ಇಂಜಿನ್ನುಗಳ ಸದ್ದೇ ಅವರ ಕಿವಿಯನ್ನು ತಿಂದಿತ್ತು. ಹೆಂಡತಿ ಎಂದೋ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ನಿರ್ಣಾದಲ್ಲಿ ಅಣ್ಣನ ಮಗನೊಬ್ಬನಿದ್ದ. “ಕಿವಿ ಹೋದ್ರ ಊರು ಖಾಲಿ ಆಗ್ತದ ತಂಗೀ,” ಎನ್ನುತ್ತಿದ್ದರು.

ನನಗೆ ಕಿವಿ ಇತ್ತು, ಆದರೂ ಊರು ಖಾಲಿಯಾಗಿತ್ತು. ನಿಮ್ಮ ಅಜ್ಜ ತೀರಿಹೋದ ಮೇಲೆ, ಜಹಾಜ್ ಅಣ್ಣನ ಪಕ್ಕದ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಬಸವಕಲ್ಯಾಣಕ್ಕೆ ಬಾ ಎಂದು ನಿಮ್ಮ ಅವ್ವ ಕರೆಯುತ್ತಿದ್ದಳು, ನಾನೇ ಹೋಗಲಿಲ್ಲ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ. ಘಾಟಬೋರಾಳದ ಶಾಲೆಯಲ್ಲಿ ಏಳನೆಯವರೆಗೆ ಓದಿದೆ, ಆದರೆ ಪಾಠ ಓದಲು ಎಬ್ಬಿಸಿ ನಿಲ್ಲಿಸಿದರೆ ಗಂಟಲಿನಿಂದ ಧ್ವನಿಯೇ ಹೊರಡುತ್ತಿರಲಿಲ್ಲ. ಮದುವೆಯಾದ ಮೇಲೆ ಅಂಗಡಿಯಲ್ಲಿ ಉಪ್ಪು ಕೇಳುವುದೂ ನಿಮ್ಮ ಅಜ್ಜನ ಕೆಲಸವಾಯಿತು. ಅವರು ಹೋದ ಮೇಲೆ ಎಷ್ಟೋ ದಿನ ನಾನು ಬಾಯಿ ತೆರೆಯದೆಯೇ ಸಂಜೆಯಾಗುತ್ತಿತ್ತು. ಗೋಡೆಯ ಆಚೆ ಜಹಾಜ್ ಅಣ್ಣ ಕೆಮ್ಮಿದರೆ, ಇನ್ನೊಂದು ಜೀವ ಇದೆಯಲ್ಲ ಎನ್ನಿಸುತ್ತಿತ್ತು.

ಒಂದು ದಿನ ಅವರು ಚಹಾ ಹೊಟೇಲಿನವರು ಓದಿ ಬಿಟ್ಟ ಪೇಪರ್ ಹಿಡಿದು ನನ್ನ ಬಾಗಿಲಿಗೆ ಬಂದರು.

“ತಂಗೀ, ಕಣ್ಣು ಮಂಜಾಗ್ಯಾವ. ಮನಷ್ಯಾರು ಕಾಣ್ತಾರ, ಅಕ್ಷರ ಕಾಣಂಗಿಲ್ಲ. ಇದೊಂದು ಓದಿ ಹೇಳವ್ವಾ.”

ನಾನು ಸೆರಗು ಎಳೆದುಕೊಂಡು ಮೆಲ್ಲಗೆ ಓದಿದೆ. ಅವರು ಕಿವಿಗೆ ಅಂಗೈ ಹಚ್ಚಿ, “ಜೋರಿಲೆ!” ಎಂದರು. ಮತ್ತೆ ಓದಿದೆ. “ಇನ್ನಾ ಜೋರಿಲೆ! ನೀ ಏನ್ ನನ್ನ ಮುಂದ ಚಾಡಿ ಹೇಳಾಕತ್ತಿಯೇನ?”

ಕೊಚ್ಚಿಯಲ್ಲಿ ಹೊಸ ಹಡಗು ತಯಾರಾಗುತ್ತಿತ್ತು. ಅದಿನ್ನೂ ನೌಕಾಪಡೆಗೆ ಸೇರಿರಲಿಲ್ಲ. ಅದರ ಮೇಲಿಂದ ಹಾರಲು ಯಾವ ಯುದ್ಧವಿಮಾನ ಕೊಳ್ಳಬೇಕು ಎಂದು ಫ್ರಾನ್ಸಿನದನ್ನೂ ಅಮೆರಿಕದ್ದನ್ನೂ ಗೋವಾದಲ್ಲಿ ಹಾರಿಸಿ ನೋಡುತ್ತಿದ್ದಾರೆ ಎಂಬುದು ಸುದ್ದಿ. ಶಾಲೆಯ ಮಾಸ್ತರರಿಗೆ ಕೇಳಿಸದ ನನ್ನ ಧ್ವನಿಯಲ್ಲಿ ನಾನು ಅದನ್ನು ಓಣಿಗೆಲ್ಲ ಕೇಳುವಂತೆ ಕೂಗಿದೆ. ಮುಗಿದ ಮೇಲೆ ಅವರು ಕೇಳಿದರು: “ಕಡೀಕ ಯಾವ್ದು ಪಸಂದ್ ಆತು?”

“ಇನ್ನಾ ಒಂದೂ ಪಸಂದ್ ಆಗಿಲ್ಲ ಅಣ್ಣಾ!” ಎಂದು ಕೂಗಿದೆ.

ಮರುದಿನ ಎದುರು ಮನೆಯ ಎಮ್ಮೆ ಸಾಕಿದಾಕೆ ಹಾಲು ಹಾಕಲು ಬಂದವಳು ಹೋಗಲೇ ಇಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

“ಏನ್ರಿ ಅಕ್ಕಾರ, ಓಣಿಯವರಿಗಿ ಹೇಳದ ಕೇಳದ ಮೊಮ್ಮಗಳಿಗಿ ವರ ನೋಡಾಕತ್ತೀರಂತ?”

“ಯಾವ ವರಾ?”

“ನಿನ್ನಿ ನೀವ ಒದರಿದ್ರಲ್ಲ! ಗೋವಾಕ್ಕ ಬಂದಾವ, ಒಂದು ಫ್ರಾನ್ಸಿಂದು, ಒಂದು ಅಮೆರಿಕಾದ್ದು, ಒಂದೂ ಪಸಂದ್ ಆಗಿಲ್ಲ ಅಂತ. ಇಷ್ಟು ದೂರದ ಸಂಬಂಧ ಯಾಕ್ರಿ? ನಮ್ಮ ಚಿಟಗುಪ್ಪಾದಾಗ ಹುಡುಗೋರು ಸತ್ತಾರೇನ?”

ನನಗೆ ನಗು ಬಂತು. ನಿಮ್ಮ ಅಜ್ಜ ಹೋದ ಮೇಲೆ ಬಂದ ಮೊದಲ ನಗು. ಹಾಲಿನ ಪಾತ್ರೆ ಕೆಳಗಿಟ್ಟು ಕುಳಿತುಬಿಟ್ಟೆ. ಕಟ್ಟೆಯ ಮೇಲೆ ಕೂತಿದ್ದ ಜಹಾಜ್ ಅಣ್ಣ, ಏನಾಯಿತು ಎಂದು ಕೈ ತಿರುಗಿಸಿ ಕೇಳಿದರು. ಕೂಗಿ ಹೇಳಿದೆ. ಅವರು ನಗಲಿಲ್ಲ.

“ಆಕಿ ಖರೇನ ಹೇಳ್ಯಾಳ. ಇದು ಲಗ್ನಾನ ಅದ. ಹಡಗಿಗಿ ಮನಿ ಅಳಿಯನ್ನ ನೋಡಾಕತ್ತಾರ. ಮನಿ ಸಣ್ಣದು, ಅಳಿಯಂದಿರು ಬಾಳ ಮಂದಿ. ಬಂದಾಂವ ಕೈಕಾಲು ಮಡಚ್ಕೊಂಡು ಇರ್ಬೇಕು. ಇಲ್ಲಂದ್ರ ಉಳದವರು ಎಲ್ಲಿ ಮಲಗಬೇಕು?”

ಆಮೇಲೆ ಬಿಡಿಸಿ ಹೇಳಿದರು. ಹಡಗಿನ ಮೇಲೆ ಜಾಗ ಕಡಿಮೆ. ವಿಮಾನಗಳನ್ನು ಲಿಫ್ಟಿನಲ್ಲಿ ಹೊಟ್ಟೆಯೊಳಗೆ ಇಳಿಸಿ ಒತ್ತೊತ್ತಾಗಿ ನಿಲ್ಲಿಸಬೇಕು. ಅದಕ್ಕೇ ಅವರ ಕಾಲದ ವಿಮಾನಗಳು ಇಳಿದ ಕೂಡಲೇ ರೆಕ್ಕೆ ಮಡಚಿಕೊಳ್ಳುತ್ತಿದ್ದವಂತೆ. ಮಡಚು ಎನ್ನಲು ಒಂದು ಸನ್ನೆ: ಕೈಗಳನ್ನು ಎರಡೂ ಕಡೆ ಪೂರ್ತಿ ಚಾಚಿ, ಮುಂದಕ್ಕೆ ತಂದು, ತನ್ನ ಹೆಗಲುಗಳನ್ನು ತಾನೇ ಅಪ್ಪಿಕೊಳ್ಳುವುದು. ಅವರು ಮಾಡಿ ತೋರಿಸಿದರು. ಖಾಲಿ ಅಂಗಳದಲ್ಲಿ ಒಬ್ಬ ಮುದುಕ ತನ್ನನ್ನೇ ಅಪ್ಪಿಕೊಂಡು ನಿಂತದ್ದನ್ನು ನೋಡಿ ನಾನು ಬೇರೆಡೆ ಮುಖ ತಿರುಗಿಸಿದೆ.

ಅಂದಿನಿಂದ ಪೇಪರ್ ಓದುವುದು ನನ್ನ ಕೆಲಸವಾಯಿತು. ಅವರು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ಯಾವುದು ಪಸಂದ್ ಆಯಿತು? ರೆಕ್ಕೆ ಮಡಚುತ್ತದೆಯೇ? ಅಮೆರಿಕದ್ದು ಮಡಚುತ್ತದೆ, ಫ್ರಾನ್ಸಿನದು ಮಡಚುವುದಿಲ್ಲ ಎಂದು ಒಂದು ದಿನ ಓದಿದೆ. ಅವತ್ತಿನಿಂದ ಅವರು ಅಮೆರಿಕದ ಕಡೆಯ ಬೀಗರಾದರು. ಹಾಲಿನಾಕೆ ಅವರನ್ನು ಕೆಣಕಲೆಂದೇ ಫ್ರಾನ್ಸಿನ ಕಡೆ ಸೇರಿದಳು. “ನಮ್ಮಾಂವ ಚಂದ ಇದ್ದಾನ್ರೀ ಮಾಮಾ!” ಎಂದು ಅವರ ಕಿವಿಯ ಹತ್ತಿರ ಕೂಗುತ್ತಿದ್ದಳು. “ಚಂದ ತಗೊಂಡು ಏನ್ ಮಾಡ್ತಿ, ಬಾಗಲದಾಗ ಹಿಡಿಯಂಗಿಲ್ಲ!” ಎಂದು ಅವರು. ಹೊಸ ಹಡಗು ನೌಕಾಪಡೆಗೆ ಸೇರಿತು, ಆ ಸುದ್ದಿಯನ್ನೂ ಓದಿದೆ. ವಿಮಾನದ ಮಾತು ಮುಗಿಯಲೇ ಇಲ್ಲ. “ನಾ ಇರೂದರಾಗ ಗೊತ್ತಾದ್ರ ಸಾಕು,” ಎಂದು ಆಗಾಗ ಎನ್ನುತ್ತಿದ್ದರು.

ಕಾಯುತ್ತ ಕಾಯುತ್ತ ಅವರು ಹಾಸಿಗೆ ಹಿಡಿದರು. ಎಡಗೈ ಏಳದಾಯಿತು, ಕಿವಿ ಪೂರ್ತಿ ನಿಂತುಹೋಯಿತು. ನಿರ್ಣಾಕ್ಕೆ ಕರೆದೊಯ್ಯಲು ಅಣ್ಣನ ಮಗ ಟೆಂಪೋ ತಂದ ದಿನವೇ ಪೇಪರಿನಲ್ಲಿ ಸುದ್ದಿ ಬಂತು: ಫ್ರಾನ್ಸಿನದೇ ಆಯ್ಕೆಯಾಗಿದೆ.

ನಾನು ಪೇಪರ್ ಹಿಡಿದು ಓಡಿದೆ. ಕೋಣೆ ತುಂಬ ಗಂಡಸರಿದ್ದರು. ಮಂಚದ ಮೇಲಿದ್ದ ಜಹಾಜ್ ಅಣ್ಣ ನನ್ನ ಕೈಯಲ್ಲಿದ್ದುದನ್ನು ಕಂಡು, “ಪಸಂದ್ ಆತೇನ?” ಎಂದರು. ಕೂಗಿದೆ. ಕೇಳಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇಷ್ಟು ದಿನ ಕಾದದ್ದು ತಿಳಿಯದೆಯೇ ಹೋಗಿಬಿಡುತ್ತಾರೆ ಎನ್ನಿಸಿತು.

ಆಗ ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಮಂಚದ ಕಾಲ ಬಳಿ ನಿಂತು ಎರಡೂ ಕೈ ಪೂರ್ತಿ ಚಾಚಿದೆ. ಚಾಚಿಯೇ ನಿಂತು, ಇಲ್ಲ ಎಂದು ತಲೆಯಾಡಿಸಿದೆ.

ಅವರು ನನ್ನ ಕೈಗಳನ್ನು ನೋಡಿದರು. “ಮಡಚಂಗಿಲ್ಲಾ? ಫ್ರಾನ್ಸಿಂದ ತಂದ್ರಾ?” ಎಂದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಹಾಲಿನಾಕೆಯ ಕಡೆ ತಿರುಗಿ, “ಗೆದ್ದಿ ಬಿಡವ್ವಾ. ಪಾಪ, ಉಳದವರು ಹೊರಗ ಮಲಗಬೇಕಾತು.” ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸುದ್ದಿಯ ಕೊನೆಯಲ್ಲಿ ಇನ್ನೊಂದು ಮಾತಿತ್ತು. ಮುಂದೆ ಬರುವ ಹಡಗುಗಳಿಗಾಗಿ ನಮ್ಮ ದೇಶದಲ್ಲೇ ಒಂದು ವಿಮಾನ ತಯಾರಾಗಲಿದೆ, ಅದರ ರೆಕ್ಕೆ ಮಡಚುತ್ತದೆ ಎಂದು. ಅದನ್ನು ಹೇಗೆ ಹೇಳಲಿ? ನೆಲ ಮುಟ್ಟಿ, ನನ್ನ ಎದೆ ಮುಟ್ಟಿ, ಚಾಚಿದ ಕೈಗಳನ್ನು ತಂದು ನನ್ನ ಹೆಗಲುಗಳನ್ನು ಅಪ್ಪಿಕೊಂಡೆ. ಅವರು ತಿಳಿಯಿತು ಎಂಬಂತೆ ಕಣ್ಣು ಮುಚ್ಚಿ ತೆರೆದರು.

ಅವರನ್ನು ಟೆಂಪೋದಲ್ಲಿ ಮಲಗಿಸಿದರು. ಅದು ಓಣಿಯಿಂದ ಹಿಂದಕ್ಕೇ ಹೋಗಬೇಕಿತ್ತು. ಎಂದಿನಂತೆ ಹಿಂದೆ ನಿಂತು ಕೈ ತೋರಿಸುವವರು ಇರಲಿಲ್ಲ. ಡ್ರೈವರ್ ಕತ್ತು ಹೊರಗೆ ಹಾಕಿ ಅತ್ತಿತ್ತ ನೋಡಿದ. ನಾನು ಹೋಗಿ ನಿಂತೆ. ಕೈ ಎತ್ತಿ, ಬಾ ಬಾ ಎಂದು ಕರೆದೆ. ಟೆಂಪೋ ನನ್ನ ಕೈ ನೋಡಿಕೊಂಡು ಮೆಲ್ಲಗೆ ಬಂತು. ಒಳಗಿನಿಂದ ಅವರ ಬಲಗೈ ಮೇಲೆದ್ದಿತು. ವಿದಾಯ ಹೇಳುತ್ತಿದ್ದಾರೆ ಎಂದುಕೊಂಡೆ. ಅಲ್ಲ, ನನ್ನನ್ನು ತಿದ್ದುತ್ತಿದ್ದರು. ಇನ್ನೂ ಸ್ವಲ್ಪ ಬಲಕ್ಕೆ, ಬಲಕ್ಕೆ.

ಅವರು ತೀರಿಹೋದ ಸುದ್ದಿ ಅದೇ ವಾರ ಬಂತು. ಗೋಡೆಯ ಆಚೆ ಕೆಮ್ಮು ಇಲ್ಲದ ಕೋಣೆಯಲ್ಲಿ ಇರಲಾರದೆ ನಾನು ಬಸವಕಲ್ಯಾಣಕ್ಕೆ ಬಂದೆ. ಈಗ ನಾನು ಬಸ್ ನಿಲ್ಲಿಸಲು ಕೂಗಿದರೆ, ಹೀಗೆ ಒದರುವುದನ್ನು ನಾನು ಯಾವಾಗ ಕಲಿತೆ ಎಂದು ನಿಮ್ಮ ಅವ್ವ ಕೇಳುತ್ತಾಳೆ. ಯಾರಿಂದ ಎಂದು ಇಲ್ಲಿ ಬರೆದಿದ್ದೇನೆ.

ಮಕ್ಕಳೇ, ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ನನ್ನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಇಡಿ. ನಮ್ಮ ದೇಶದ ಆ ರೆಕ್ಕೆ ಮಡಚುವ ವಿಮಾನ ಹಡಗಿನ ಮೇಲೆ ಇಳಿಯುವ ದಿನ ನಾನು ಇರುತ್ತೇನೋ ಇಲ್ಲವೋ. ಅವತ್ತಿನ ಪೇಪರ್ ತಂದು ಇವುಗಳ ಜೊತೆ ಇಡಿ. ಇಡುವ ಮೊದಲು ಒಮ್ಮೆ ಓದಿ. ಜೋರಾಗಿ ಓದಿ.