ಹಮೀದಕ್ಕನ ಒಂದೇ ವಿಳಾಸ

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿರುವ ಹಮೀದಾ ಬೀಗೆ ಒಂದು ಹಟ: ಅಕ್ಷರ ಇದ್ದ ಕಾಗದ ಎಸೆಯಬಾರದು. ಗಿರಾಕಿಗಳು ಮರೆತುಹೋದ ಪ್ರತಿಗಳೆಲ್ಲ ಗೋಡೆಯ ತಂತಿಗೆ ಚುಚ್ಚಿಕೊಂಡು ನೇತಾಡುತ್ತವೆ. ಇ-ಮೇಲ್ ವಿಷಯದಲ್ಲೂ ಅದೇ ಹಟ. ಅರ್ಜಿ ತುಂಬಿಸಲು ಬರುವವರ ಹತ್ತಿರ ಮೇಲ್ ವಿಳಾಸ ಎಲ್ಲಿರಬೇಕು? ಎಂಟು ವರ್ಷದಿಂದ ಸುತ್ತಲಿನ ಹಳ್ಳಿಯವರ ಅರ್ಜಿಗೆಲ್ಲ ತನ್ನದೇ ವಿಳಾಸ ಹಾಕಿದ್ದಾಳೆ. ಬಂದದ್ದನ್ನು ಪ್ರಿಂಟ್ ತೆಗೆದು ಆಯಾ ಊರಿನ ಬಸ್ ಕಂಡಕ್ಟರ್ ಕೈಗೆ ಕೊಡುತ್ತಾಳೆ. ಒಂದನ್ನೂ ಅಳಿಸಿದವಳಲ್ಲ, ಪುಣ್ಯಾತ್ಗಿತ್ತಿ!

ಕಳೆದ ಸೋಮವಾರ ನೀಲಗುಂದದ ದುರ್ಗಾ ಮುಖ ಸಣ್ಣದು ಮಾಡಿಕೊಂಡು ಬಂದಳು. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸಕ್ಕೆ ಮರುದಿನವೇ ಸಂದರ್ಶನ. ಇ-ಮೇಲಿನಲ್ಲಿ ಬರುವ ಪತ್ರ ತೋರಿಸದಿದ್ದರೆ ಒಳಗೆ ಬಿಡುವುದಿಲ್ಲ. ಗೆಳತಿಗೆ ಬಂದಿದೆ, ಇವಳಿಗಿಲ್ಲ. ಫೋನ್ ಮಾಡಿದರೆ ನಿನ್ನೆಯೇ ಕಳಿಸಿದ್ದೇವೆ ಎನ್ನುತ್ತಾರೆ. ಎಷ್ಟು ಹುಡುಕಿದರೂ ಪತ್ರವಿಲ್ಲ. ಹಮೀದಾ ಮತ್ತೆ ಮೊದಲಿನಿಂದ ಹುಡುಕತೊಡಗಿದಳು.

ಝೆರಾಕ್ಸಿಗೆ ಬಂದಿದ್ದ ಕಂಪ್ಯೂಟರ್ ಮೇಷ್ಟ್ರು ಅರುಣಕುಮಾರ್ ಪರದೆಯ ಮೇಲಿನ ಕೆಂಪು ಸಾಲಿಗೆ ಬೆರಳಿಟ್ಟರು. ಮೇಲ್ ಪೆಟ್ಟಿಗೆ ತುಂಬುತ್ತಿದೆ ಎಂದು ಅದು ಮೂರು ತಿಂಗಳಿಂದ ಬಡಕೊಳ್ಳುತ್ತಿತ್ತು. ಹಮೀದಾ ಜಾಹೀರಾತೆಂದು ಬಿಟ್ಟಿದ್ದಳು. ಈಗ ಪೆಟ್ಟಿಗೆ ಪೂರ್ತಿ ತುಂಬಿಹೋಗಿತ್ತು. ಮೇಲ್ ನೇರ ಪರದೆಗೆ ಹಾರಿ ಬರುವುದಿಲ್ಲ ಎಂದರು ಮೇಷ್ಟ್ರು. ಕಳಿಸುವವರ ಸರ್ವರ್ ನಮ್ಮ ಸರ್ವರಿನ ಬಾಗಿಲು ತಟ್ಟಿ ಜಾಗ ಇದೆಯಾ ಎಂದು ಕೇಳುತ್ತದೆ. ಇಲ್ಲವೆಂದರೆ ಪತ್ರವನ್ನು ತಾನೇ ಇಟ್ಟುಕೊಂಡು, ಸಾಮಾನ್ಯವಾಗಿ ನಾಲ್ಕೈದು ದಿನ ಆಗಾಗ ಬಂದು ಮತ್ತೆ ಕೇಳುತ್ತದೆ.

“ಅಂದ್ರ ದುರ್ಗಾನ ಪತ್ರ ಇನ್ನೂ ಬಾಗಲದಾಗ ನಿಂತೈತೇನ್ರಿ ಸರ್?”

“ನಿಂತೈತಿ. ನೀವು ಜಾಗ ಮಾಡಿಕೊಡ್ರಿ.”

ಊರವರ ಪತ್ರ ಮುಟ್ಟಲು ಹಮೀದಾಳಿಗೆ ಕೈ ಬರಲಿಲ್ಲ. ಹುಟ್ಟುಹಬ್ಬದ ಬ್ಯಾನರಿಗೆಂದು ಬಂದಿದ್ದ ದೊಡ್ಡ ದೊಡ್ಡ ಫೋಟೊಗಳನ್ನು ತೋಬಾ ತೋಬಾ ಎನ್ನುತ್ತ ಅಳಿಸಿದಳು. ಕಸದ ಬುಟ್ಟಿಯಲ್ಲಿದ್ದರೂ ಅವು ಜಾಗ ತಿನ್ನುತ್ತವೆಂದು ತಿಳಿದ ಮೇಲೆ ಬುಟ್ಟಿಯನ್ನೂ ಬರಿದು ಮಾಡಿದಳು. ಇನ್ನು ಕಾಯುವುದೊಂದೇ. ಎರಡು ಸಲ ಚಹಾ ಆಯಿತು, ನೀಲಗುಂದದ ಬಸ್ಸೂ ಹೊರಟುಹೋಯಿತು. ಮೂರೂವರೆಗೆ ಪತ್ರ ಬಂತು! ಪ್ರಿಂಟರಿನಿಂದ ಬಿಸಿಬಿಸಿ ಬಂದ ಕಾಗದವನ್ನು ದುರ್ಗಾ ಎದೆಗವಚಿಕೊಂಡಳು. ಇಬ್ಬರಿಗೂ ಅಳು, ನಗು ಒಟ್ಟಿಗೇ ಬಂತು. ಹಮೀದಾ ಅಲ್ಲೇ ಕೂರಿಸಿಕೊಂಡು ಅವಳಿಗೆ ಅವಳದೇ ಮೇಲ್ ವಿಳಾಸ ಮಾಡಿಕೊಟ್ಟಳು.

ಮರುದಿನ ಸಂಜೆ ಅಂಗಡಿಯ ಪೆಟ್ಟಿಗೆಗೆ ಒಂದು ಮೇಲ್ ಬಂತು. ಯಾವ ಊರಿನ ಬಸ್ಸಿಗೆ ಕೊಡಬೇಕೆಂದು ಹಮೀದಾ ಎಂದಿನಂತೆ ಹೆಸರು ಹುಡುಕಿದಳು.

“ಹಮೀದಕ್ಕಾ, ಕೆಲಸ ಸಿಕ್ತು. ಮೊದ್ಲು ನಿಮಗ ಹೇಳಾಕತ್ತೀನ್ರಿ. ದುರ್ಗಾ.”

ಎಂಟು ವರ್ಷದಲ್ಲಿ ಆ ಪೆಟ್ಟಿಗೆಗೆ ಹಮೀದಾಳ ಹೆಸರಿಗೇ ಬಂದ ಮೊದಲ ಪತ್ರ ಅದು. ಅದನ್ನೂ ಪ್ರಿಂಟ್ ತೆಗೆದು ತಂತಿಗೆ ಚುಚ್ಚಿದಳು, ಎಲ್ಲಕ್ಕಿಂತ ಮುಂದೆ.